ಅಡ್ಡಹೆಸರು ಬದಲಾಯಿಸಿದ ವರ್ಷ

ಮಾಸ್ತರಿಕೆಯ ತರಬೇತಿಗೆ ನಾನು ಹಾಕಿದ್ದ ಅರ್ಜಿ ಗುಲ್ಬರ್ಗದಿಂದ ವಾಪಸು ಬಂತು. ಅದರ ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಟಿಪ್ಪಣಿ ಬರೆದಿದ್ದರು. ಅಭ್ಯರ್ಥಿಗೆ ಮಾತು ಬರುತ್ತದೆ ಎಂದು ಸರಕಾರಿ ದವಾಖಾನೆಯ ಡಾಕ್ಟರರಿಂದ ಸರ್ಟಿಫಿಕೇಟು ತಂದು ಲಗತ್ತಿಸಬೇಕಂತೆ.

ಯಾದಗಿರಿಯ ಹೆಣ್ಣುಮಕ್ಕಳ ಶಾಲೆಯ ದೊಡ್ಡಬಾಯಿಯವರು, ಎಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಅದನ್ನು ಓದಿ ಮೊದಲು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಇಡೀ ಶಾಲೆಯಲ್ಲಿ ಗಟ್ಟಿಯಾಗಿ, ತಡವರಿಸದೆ ಓದುವವಳು ಎಂದು ಅವರೇ ನನ್ನನ್ನು ಪ್ರತಿ ಸಲ ಇನ್ಸ್‌ಪೆಕ್ಟರರ ಮುಂದೆ ನಿಲ್ಲಿಸುತ್ತಿದ್ದರು. ತಪ್ಪು ಗುಲ್ಬರ್ಗದ ಗುಮಾಸ್ತನದೂ ಅಲ್ಲ. ಅವನು ನನ್ನ ಹೆಸರಿನ ಮುಂದಿದ್ದ ಅಡ್ಡಹೆಸರನ್ನು ಓದಿ ನಂಬಿದ್ದ, ಅಷ್ಟೆ. ನಮ್ಮ ಅಡ್ಡಹೆಸರು ‘ಗೂಂಗೆ’ ಎಂದಿತ್ತು. ಉರ್ದುವಿನಲ್ಲಿ ಗೂಂಗೆ ಎಂದರೆ ಮೂಗರು.

ನಾವು ಮೂಗರಲ್ಲ. ಭೀಮಾ ನದಿಯಲ್ಲಿ ಹರಿಗೋಲು ನಡೆಸುವ ಜನ. ಯಾದಗಿರಿಯಿಂದ ಒಂದು ಹರದಾರಿ ದೂರದಲ್ಲಿ, ಹೊಳೆಯ ಈ ದಡದ ಮೇಲೆ ನಮ್ಮ ಮನೆ. ಆ ದಡ ಶಹಾಪುರ ತಾಲೂಕು. ಅಲ್ಲಿ ನಮ್ಮದೊಂದು ಸಣ್ಣ ಹೊಲವಿತ್ತು. ಹೊಳೆ ತುಂಬಿದಾಗ ಹರಿಗೋಲು, ಇಳಿದಾಗ ಮೀನು, ಹಿಂಗಾರಿಗೆ ಆ ಹೊಲದ ಜೋಳ, ಹೀಗೆ ನಮ್ಮ ವರ್ಷ ಸಾಗುತ್ತಿತ್ತು. ಊರವರು ನಮ್ಮನ್ನು ಕರೆಯುತ್ತಿದ್ದುದು ‘ಹರಿಗೋಲದವರು’ ಎಂದೇ. ಆದರೆ ಹೊಲದ ಕಾಗದದಲ್ಲಿ ಗೂಂಗೆ ಎಂದಿತ್ತು. ದಿನಾ ಹೊಳೆ ದಾಟುತ್ತಿದ್ದ ಮಾಸ್ತರರೊಬ್ಬರು ಅಪ್ಪನಿಗೆ ಗಂಟುಬಿದ್ದು ನನ್ನನ್ನು ಶಾಲೆಗೆ ಸೇರಿಸುವಾಗ ಆ ಕಾಗದ ನೋಡಿ ಹಾಗೇ ಬರೆಸಿದ್ದರು.

ಆ ಹೆಸರು ಹೇಗೆ ಬಂತೆಂದು ಊರಲ್ಲಿ ಒಂದು ಕಥೆ ಓಡಾಡುತ್ತಿತ್ತು. ನನ್ನ ತಾತನ ಕಾಲದಲ್ಲಿ ನಿಜಾಮನ ಸರಕಾರದ ಒಬ್ಬ ಗುಮಾಸ್ತ ಹೊಲಗಳ ಲೆಕ್ಕ ಬರೆಯಲು ಬಂದಿದ್ದನಂತೆ. ಅವನು ಹೊಳೆಯ ದಡದ ಮೇಲೆ ನಿಂತು ಉರ್ದುವಿನಲ್ಲಿ ಮನೆತನದ ಹೆಸರು ಕೇಳಿದನಂತೆ. ತಾತ ಹೆದರಿ, ಕೈಮುಗಿದು, ಬಾಯಿ ಬಿಡದೆ ನಿಂತುಬಿಟ್ಟನಂತೆ. ಗುಮಾಸ್ತ ನಕ್ಕು ‘ಗೂಂಗೆ’ ಎಂದು ಬರೆದುಕೊಂಡು ಹೋದನಂತೆ. ಈ ಕಥೆಯನ್ನು ಹೇಳುವವರೆಲ್ಲ ತಾತ ಹೇಗೆ ನಿಂತಿದ್ದನೆಂದು ಬಗ್ಗಿ ತೋರಿಸಿ ನಗುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ. ಕಥೆ ಶುರುವಾದರೆ ಹುಟ್ಟು ಹೆಗಲಿಗೇರಿಸಿ ಎದ್ದು ಹೋಗುತ್ತಿದ್ದ. ಶಾಲೆಯಲ್ಲಿ ಹುಡುಗಿಯರು ನನ್ನನ್ನು ‘ಗೂಂಗಿ’ ಎಂದು ಕರೆಯುವುದನ್ನು ನಾನೂ ಮನೆಯಲ್ಲಿ ಹೇಳುತ್ತಿರಲಿಲ್ಲ.

ಆದರೆ ಆ ಕೆಂಪು ಶಾಯಿಯ ಟಿಪ್ಪಣಿ ಬಂದ ದಿನ ಹೇಳಿದೆ.

“ಅಪ್ಪಾ, ನಾ ಡಾಕ್ಟರ ಹತ್ರ ಹೋಗಂಗಿಲ್ಲ. ನನಗ ಮಾತ ಬರ್ತಾವ ಅಂತ ಇನ್ನೊಬ್ರು ಯಾಕ ಬರ್ಕೊಡಬೇಕು? ಹೆಸರ ಬದಲ್ ಮಾಡೋಣು.”

ಅಪ್ಪ ಬಲೆ ಹೆಣೆಯುತ್ತಿದ್ದವನು ಕೈ ನಿಲ್ಲಿಸಿದ. “ಹುಚ್ಚಿ ಇದ್ದೀ ಏನು? ಹೊಲದ ಕಾಗದದಾಗ ಅದೇ ಹೆಸರದ. ನಾಳಿ ನಾವು ಗೂಂಗೆ ಅಲ್ಲ ಅಂದ್ರ, ಹೊಲ ಯಾರದು ಅಂತ ಕೇಳ್ತಾರ. ಏನ್ ಹೇಳ್ಲಿ?”

ಅವನ ಭಯ ಸುಳ್ಳಾಗಿರಲಿಲ್ಲ. ಪೊಲೀಸ್ ಕಾರ್ಯಾಚರಣೆ ಆಗಿ, ನಿಜಾಮನ ರಾಜ್ಯ ಹೋಗಿ ಇನ್ನೂ ಬಹಳ ವರ್ಷ ಆಗಿರಲಿಲ್ಲ. ಜಹಗೀರುಗಳು ಹೋಗಿದ್ದವು. ಕಚೇರಿಗಳಲ್ಲಿ ಹಳೆಯ ಉರ್ದು ದಫ್ತರಗಳನ್ನು ಬಿಚ್ಚಿ ಹೊಸದಾಗಿ ಬರೆಯುತ್ತಿದ್ದರು. ಕಾಗದದಲ್ಲಿ ಹೆಸರಿದ್ದವನದೇ ಹೊಲ ಎಂಬ ಮಾತು ಹರಿಗೋಲು ಹತ್ತಿದವರ ಬಾಯಲ್ಲೆಲ್ಲ ಇತ್ತು. ಇಂಥ ಹೊತ್ತಿನಲ್ಲಿ ಹೆಸರನ್ನು ಮುಟ್ಟುವುದು ಅಪ್ಪನಿಗೆ ತುಂಬಿದ ಹೊಳೆಯಲ್ಲಿ ಹರಿಗೋಲದ ಹೊಲಿಗೆ ಬಿಚ್ಚಿದ ಹಾಗೆ ಕಂಡಿರಬೇಕು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿ ನೋಡದೆಯೇ ಹೇಳಿದಳು. “ಹೊಲ ಹೋದ್ರ ಹೊಳಿ ಅದ. ಕೂಸಿನ ಓದು ಹೋದ್ರ ಏನದ?”

ಅಪ್ಪ ಬಲೆ ಮಡಚಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ ತಗಡಿನ ಟ್ರಂಕು ತಂದು ನನ್ನ ಮುಂದಿಟ್ಟ. “ನೋಡು, ಕಾಗದ ಎಲ್ಲಾ ಇದರಾಗ ಅವ. ನಿನಗ ಉರ್ದು ಬರ್ತದಲ್ಲ.”

ನಾನು ಶಾಲೆಗೆ ಸೇರಿದಾಗ ಪಾಠಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವು. ಕನ್ನಡ ಆಮೇಲೆ ಬಂತು. ಹಾಗಾಗಿ ಆ ಟ್ರಂಕಿನ ಕಾಗದಗಳನ್ನು ನಮ್ಮ ಮನೆಯಲ್ಲಿ ಮೊದಲ ಸಲ ಓದಿದವಳು ನಾನು. ಹೊಲದ ಕಾಗದ, ಅದರಲ್ಲಿ ಗೂಂಗೆ. ಕಂದಾಯದ ಪಾವತಿಗಳು, ಎಲ್ಲದರಲ್ಲೂ ಗೂಂಗೆ. ಎಲ್ಲಕ್ಕಿಂತ ಕೆಳಗೆ, ಕೆಂಪು ಅರಿವೆಯಲ್ಲಿ ಸುತ್ತಿದ ಇನ್ನೊಂದು ಕಾಗದವಿತ್ತು. ಮಡಿಕೆಗಳಲ್ಲಿ ಹರಿದಿತ್ತು. ನೆಲದ ಮೇಲೆ ಜೋಡಿಸಿ ಓದಿದೆ. ಅದು ತಾತನಿಗೆ ಹೊಳೆಯಲ್ಲಿ ಜನ ದಾಟಿಸಲು ಕೊಟ್ಟ ಪರವಾನಿಗಿ. ತಾತನ ಹೆಸರು, ಅವನ ತಂದೆಯ ಹೆಸರು, ನಮ್ಮ ಊರು ಎಲ್ಲ ಸರಿಯಾಗಿದ್ದವು. ಮನೆತನದ ಜಾಗದಲ್ಲಿ ‘ಹರಿಗೋಲ್‌ವಾಲೆ’ ಎಂದಿತ್ತು. ಅಡಿಯಲ್ಲಿ ಸರಕಾರದ ಮೊಹರು.

ನಾನು ಮೂರು ಸಲ ಓದಿದೆ. ಮೂರನೆಯ ಸಲ ಗಟ್ಟಿಯಾಗಿ ಓದಿದೆ.

“ಹಂಗಂದ್ರ?” ಅಂದ ಅಪ್ಪ.

“ಒಂದ ಕಚೇರಿಯಾಗ ಗೂಂಗೆ ಅಂತ ಬರದಾರ. ಇನ್ನೊಂದ ಕಚೇರಿಯಾಗ ಹರಿಗೋಲದವ್ರು ಅಂತ ಬರದಾರ. ಎರಡೂ ಅದೇ ಸರಕಾರ.”

ಅಪ್ಪ ಆ ಕಾಗದವನ್ನು ಮುಟ್ಟಲಿಲ್ಲ. ಅದರ ಸುತ್ತ ಒಂದು ಸುತ್ತು ಬಂದು ನೋಡಿದ. ಮರುದಿನ ಬೆಳಿಗ್ಗೆ ತಾನೇ ನನ್ನನ್ನು ಎಬ್ಬಿಸಿ ಶಹಾಪುರಕ್ಕೆ ಹೊರಡಿಸಿದ.

ಶಹಾಪುರದ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆದುಕೊಡುವ ಮುದುಕರೊಬ್ಬರು ಕೂತಿರುತ್ತಿದ್ದರು. ಎಲ್ಲರೂ ಅವರನ್ನು ಮುನ್ಷಿ ಸಾಹೇಬ್ರು ಎನ್ನುತ್ತಿದ್ದರು. ಅವರ ಉರ್ದು ಅಕ್ಷರಗಳು ಮುತ್ತು ಪೋಣಿಸಿದಂತಿರುತ್ತಿದ್ದವು. ಆದರೆ ಹೊಸ ತಹಶೀಲ್ದಾರರು ಕನ್ನಡದ ಅರ್ಜಿ ಕೇಳುತ್ತಿದ್ದುದರಿಂದ ಅವರ ಮುಂದೆ ಜನ ಕಡಿಮೆಯಾಗಿದ್ದರು. ನಾನು ಎರಡೂ ಕಾಗದ ತೋರಿಸಿದೆ. ಅವರು ಕನ್ನಡಕ ಒರೆಸಿ ಓದಿದರು.

“ಬೇಟಿ, ಇದನ್ನ ನೀನ ಓದಿದ್ಯಾ?”

“ಹೌದ್ರಿ.”

“ಹಂಗಾದ್ರ ನಿನ್ನ ಕೆಲಸ ಅರ್ಧ ಆದಂಗ.” ಅವರು ಅಪ್ಪನ ಕಡೆ ತಿರುಗಿದರು. “ಬರೇ ಮಗಳ ಹೆಸರ ತಿದ್ದಿಸಬ್ಯಾಡ್ರಿ. ಆಕಿ ಒಂದ ಹೆಸರು, ನೀವೊಂದ ಹೆಸರು ಆದ್ರ ಹೊಲಕ್ಕ ತಕರಾರು ಬರ್ತದ. ನೀವ ಅರ್ಜಿ ಹಾಕ್ರಿ. ಮನಿ ಮಂದಿದೆಲ್ಲ ಒಂದ ಸಲ ಆಗ್ಲಿ. ಹೊಲದ ಕಾಗದನೂ ಕೂಡೇ ಆಗ್ಲಿ.”

ಅವರು ಉರ್ದುವಿನಲ್ಲಿ ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಬರೆಯುತ್ತಾ ಹೋದೆ. ಅದಕ್ಕೆ ಒಂದು ಹಲಫ್‌ನಾಮೆ ಬೇಕಿತ್ತು. ನಾವು ಇಂಥವರು, ಇನ್ನು ಮುಂದೆ ಈ ಹೆಸರಿನಿಂದ ಗುರುತಿಸಿಕೊಳ್ಳುತ್ತೇವೆ ಎಂದು ಪ್ರಮಾಣ ಮಾಡಿ ಬರೆದುಕೊಡುವ ಕಾಗದ. ಅದರ ಕೆಳಗೆ ಅಪ್ಪ ಹೆಬ್ಬೆಟ್ಟು ಒತ್ತಿದ. ಮುನ್ಷಿ ಸಾಹೇಬರು ನನ್ನ ಕನ್ನಡವನ್ನು ಒಬ್ಬ ಗುಮಾಸ್ತನಿಂದ ಓದಿಸಿ ಕೇಳಿ ತಲೆದೂಗಿದರು. “ನಮ್ಮ ಭಾಷಾದಾಗ ತಪ್ಪ ಬರದಾರ. ನಿಮ್ಮ ಭಾಷಾದಾಗ ನೀ ತಿದ್ದು,” ಎಂದರು.

ನಾನು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಕಚೇರಿಯವರು ಜಾಹೀರಾತು ಅಂಟಿಸಿದರು. ಹೊಲವಿದ್ದ ಊರಿನಲ್ಲಿ ಡಂಗುರ ಹೊಡೆಸಿದರು. ಯಾರದಾದರೂ ತಕರಾರಿದ್ದರೆ ಬಂದು ಹೇಳಬೇಕು ಎಂದು ಸಾರಿದರು. ಅಪ್ಪ ಹೆದರಿದ್ದು ನಿಜವಾಯಿತು. ನಮ್ಮ ಹೊಲದ ಪಕ್ಕದ ಜಮೀನಿನ ಗೌಡರು ತಕರಾರು ಹಾಕಿದರು. ಗೂಂಗೆ ಎನ್ನುವ ಮನೆತನ ಬೇರೆಯೇ ಇತ್ತು, ಅವರು ಪ್ಲೇಗಿನಲ್ಲಿ ತೀರಿಹೋದರು, ಈ ಹರಿಗೋಲದವರು ಬೇವಾರಸಿ ಹೊಲದಲ್ಲಿ ಹೊಕ್ಕು ಕೂತಿದ್ದಾರೆ, ಈಗ ಅವರೇ ತಾವು ಗೂಂಗೆ ಅಲ್ಲ ಎಂದು ಬರೆದುಕೊಟ್ಟಿದ್ದಾರಲ್ಲ ಎಂಬುದು ಅವರ ವಾದ.

ಅಪ್ಪ ಎರಡು ದಿನ ಊಟ ಮಾಡಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಷ್ಟರಲ್ಲಿ ಆ ವರ್ಷದ ತರಬೇತಿಯೂ ಶುರುವಾಗಿಹೋಯಿತು. ನನ್ನ ಜೊತೆ ಓದಿದ ಇಬ್ಬರು ಹುಡುಗಿಯರು ಯಾದಗಿರಿ ಸ್ಟೇಷನ್ನಿನಿಂದ ರೈಲು ಹತ್ತಿದರು. ನಾನು ಹೋಗಿ ಕಳಿಸಿ ಬಂದೆ.

ಮುನ್ಷಿ ಸಾಹೇಬರ ಹತ್ತಿರ ಮತ್ತೆ ಹೋದಾಗ ಅವರು ಒಂದೇ ಪ್ರಶ್ನೆ ಕೇಳಿದರು. “ಆ ಹೆಸರು ಬರಿಯೋ ಹೊತ್ತಿನಾಗ ಅಲ್ಲಿದ್ದವರು ಯಾರಾದ್ರೂ ಜೀವಂತ ಇದ್ದಾರೇನು?”

ಅಪ್ಪ ನೆಲ ನೋಡಿದ. “ನಾ ಅವಾಗ ಇನ್ನ ಹುಟ್ಟಿರ್ಲಿಲ್ರಿ. ನಮ್ಮಕ್ಕ ಇದ್ದಳು. ಸುರಪುರಕ್ಕ ಕೊಟ್ಟಾರ.”

“ಆಕಿನ್ನ ಕೇಳೀರೇನು?”

ಕೇಳಿರಲಿಲ್ಲ. ತಂದೆಯ ಅವಮಾನವನ್ನು ಅಕ್ಕನ ಬಾಯಿಂದ ಕೇಳುವ ಧೈರ್ಯ ಅವನಿಗೆ ಬಂದಿರಲೇ ಇಲ್ಲ.

ನಾವು ಅಲ್ಲಿಂದಲೇ ಸುರಪುರದ ಬಸ್ಸು ಹತ್ತಿದೆವು. ಅತ್ತೆಯ ಮನೆ ಗುಡ್ಡದ ಓಣಿಯಲ್ಲಿ. ಅವಳು ಚುರುಮುರಿ ಹುರಿಯುತ್ತಿದ್ದಳು. ಕಾದ ಉಸುಕಿನಲ್ಲಿ ಅಕ್ಕಿ ಅರಳುವ ಸದ್ದಿನ ಮೇಲೆ ಅವಳ ದನಿ ಕೇಳುತ್ತಿತ್ತು. ನಮ್ಮ ಮಾತು ಕೇಳಿ ಜಾಲರಿ ಬದಿಗಿಟ್ಟಳು.

“ಏ ತಮ್ಮಾ, ಇಷ್ಟ ವರ್ಷ ಆದ ಮ್ಯಾಲ ಕೇಳಾಕ ಬಂದ್ಯಾ? ನಾ ಸತ್ತಿದ್ರ ಏನ್ ಮಾಡ್ತಿದ್ದಿ?”

“ಏನಾತು ಹೇಳು ಅಕ್ಕಾ.”

“ಹೇಳೋದು ಅಲ್ಲೇ ಸಾಹೇಬನ ಮುಂದ ಹೇಳ್ತೀನಿ. ಎರಡೆರಡ ಸಲ ಹೇಳಾಕ ನನಗ ಪುರುಸೊತ್ತಿಲ್ಲ.” ನನ್ನ ಮಡಿಲಿಗೆ ಬಿಸಿ ಚುರುಮುರಿ ಸುರಿದಳು. “ತಾರೀಖ ಯಾವತ್ತದ ಅಷ್ಟು ಹೇಳು.”

ವಿಚಾರಣೆಯ ದಿನ ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ತಾನೂ ಹೊರಟಳು. ಅಪ್ಪ ಒಗೆದ ಧೋತರ ಉಟ್ಟು ರುಮಾಲು ಸುತ್ತಿದ್ದ. ನಮ್ಮ ಹರಿಗೋಲದಲ್ಲೇ ಹೊಳೆ ದಾಟಿ ಶಹಾಪುರ ಮುಟ್ಟಿದಾಗ ಅತ್ತೆ ಆಗಲೇ ಬಂದು ಬೇವಿನ ಗಿಡದ ಕೆಳಗೆ ಮುನ್ಷಿ ಸಾಹೇಬರ ಜೊತೆ ಮಾತಿಗೆ ಕೂತಿದ್ದಳು.

ತಹಶೀಲ್ದಾರರೇ ಮ್ಯಾಜಿಸ್ಟ್ರೇಟರೂ ಆಗಿದ್ದರು. ಬೇರೆ ಕಡೆಯಿಂದ ಬಂದವರು, ಅವರ ಕನ್ನಡ ನಮ್ಮದರ ಹಾಗೆ ಇರಲಿಲ್ಲ. ಆದರೂ ಕನ್ನಡ. ಆ ಕಟ್ಟಡದೊಳಗೆ ನಮ್ಮ ಮಾತಿನಲ್ಲಿ ಪ್ರಶ್ನೆ ಕೇಳುವುದನ್ನು ಅಪ್ಪ ಮೊದಲ ಸಲ ಕೇಳುತ್ತಿದ್ದ. ಗೌಡರ ಕಡೆಯ ವಕೀಲರು ಪ್ಲೇಗಿನ ಕಥೆ ಹೇಳಿದರು. ಮೂಗರ ಮನೆತನ ಎಂದರೆ ಮೂಗರೇ ಇರಬೇಕಲ್ಲವೇ, ಇವರೆಲ್ಲ ಚೆನ್ನಾಗಿ ಮಾತಾಡುತ್ತಾರಲ್ಲ ಎಂದೂ ಸೇರಿಸಿದರು. ಹಿಂದೆ ಕೂತವರು ನಕ್ಕರು.

ಅತ್ತೆಯನ್ನು ಕರೆದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

“ನಾ ಅವತ್ತ ಆ ಹರಿಗೋಲದಾಗ ಇದ್ದೆನ್ರಿ ಸಾಹೇಬ್ರ.”

“ಹರಿಗೋಲದಲ್ಲೋ? ದಡದ ಮೇಲೆ ಎಂದಲ್ಲವೇ ಅರ್ಜಿಯಲ್ಲಿ ಇವರು ಬರೆದಿರುವುದು?”

“ದಂಡಿ ಮ್ಯಾಲ ಅಂತ ಹೇಳಿದವ ಯಾವ? ಅವ ಅಲ್ಲಿದ್ನೇನು? ನಾ ಇದ್ದೆ. ಹತ್ತ ವರ್ಷದಾಕಿ. ಮಳಿಗಾಲದ ಹೊಳಿ, ಕೆಂಪ ನೀರು. ಗುಮಾಸ್ತ ಛತ್ರಿ ಹಿಡ್ಕೊಂಡ ನಡಕ ಕುಂತಿದ್ದ. ಇನ್ನ ಆರ ಮಂದಿ ಇದ್ರು. ಅದರಾಗ ಬಸುರಿ ನಮ್ಮವ್ವನೂ ಇದ್ದಳು, ಇಗಾ, ಇವನ್ನ ಹೊಟ್ಯಾಗ ಇಟ್ಕೊಂಡು.” ಅವಳು ಅಪ್ಪನ ಕಡೆ ಕೈ ತೋರಿಸಿದಳು. “ನಡು ಹೊಳ್ಯಾಗ ದೊಡ್ಡದೊಂದು ಮರ ತೇಲಿ ಬಂದ ಬಡೀತರಿ. ಹರಿಗೋಲ ಗರಗರ ತಿರುಗಾಕತ್ತು. ಒಂದ ಕಡಿ ಚರ್ಮ ಹರದು ನೀರ ಒಳಗ ಬರಾಕತ್ತು. ನಾ ಬೋಗುಣಿಲೆ ನೀರ ಚೆಲ್ಲಾಕತ್ತೆ. ನಮ್ಮಪ್ಪ ಹಲ್ಲ ಕಚ್ಚಿ ಹುಟ್ಟ ಹಾಕಾಕತ್ತಿದ್ದ. ಆ ಗುಮಾಸ್ತ ಹೆದರಿ ಹೆದರಿ ‘ನಿನ್ನ ಹೆಸರೇನು, ಮನಿತನ ಏನು, ಪರವಾನಿಗಿ ಕಳೀತೀನಿ, ಹೇಳು’ ಅಂತ ಉರ್ದುದಾಗ ಒದರಾಕತ್ತಿದ್ದ. ಯಾವ ಹೇಳ್ತಾನ್ರಿ ಆ ಹೊತ್ತಿನಾಗ? ಬಾಯಿ ಬಿಟ್ಟಿದ್ರ ದಮ್ಮ ಹೋಗ್ತಿತ್ತು, ಎಲ್ಲಾರೂ ಹೋಗ್ತಿದ್ವಿ. ದಂಡಿ ಮುಟ್ಟಿಸಿ, ಎಲ್ಲಾರನೂ ಇಳಿಸಿ, ನಮ್ಮಪ್ಪ ಉಸುಕಿನಾಗ ಬಿದ್ದ. ಆ ಗುಮಾಸ್ತ ಒಣಾ ಅರಿವಿ ಹಾಕ್ಕೊಂಡ, ಪುಸ್ತಕ ತಗದ, ಗೂಂಗೆ ಅಂತ ಬರದ. ಬರದವನ ಜೀವ ಉಳಿಸಿದವ ನಮ್ಮಪ್ಪ.”

ಕಚೇರಿಯಲ್ಲಿ ಯಾರೂ ನಗಲಿಲ್ಲ. ನಾನು ಅಪ್ಪನನ್ನು ನೋಡಿದೆ. ಅವನ ಕಣ್ಣಿಂದ ನೀರು ಇಳಿದು ಮೀಸೆಯಲ್ಲಿ ಸೇರುತ್ತಿತ್ತು, ಅವನು ಒರೆಸಿಕೊಳ್ಳುತ್ತಿರಲಿಲ್ಲ. ಐವತ್ತರ ಹತ್ತಿರದ ಆ ಮನುಷ್ಯ ತನ್ನ ತಂದೆಯ ಕಥೆಯನ್ನು ಆಗ ಮೊದಲ ಸಲ ಕೇಳಿದ್ದ.

ತಹಶೀಲ್ದಾರರು ಪರವಾನಿಗಿಯ ಕಾಗದ ಕೈಗೆತ್ತಿಕೊಂಡರು. ಅವರಿಗೆ ಉರ್ದು ಬರುತ್ತಿರಲಿಲ್ಲ. ಗುಮಾಸ್ತನನ್ನು ಹುಡುಕಿದರು, ಅವನು ಹೊರಗೆ ಹೋಗಿದ್ದ. “ಇದನ್ನು ಯಾರು ಓದುತ್ತೀರಿ?” ಎಂದರು. ಮುನ್ಷಿ ಸಾಹೇಬರು ಬಾಗಿಲಲ್ಲೇ ನಿಂತಿದ್ದರು, ಎರಡು ಹೆಜ್ಜೆ ಮುಂದೆ ಬಂದರು, ನನ್ನ ಮುಖ ನೋಡಿ ಅಲ್ಲೇ ನಿಂತರು. “ಅರ್ಜಿದಾರನ ಮಗಳು ಓದ್ತಾಳ ಸಾಹೇಬ್. ತಪ್ಪಿದ್ರ ನಾ ಹೇಳ್ತೀನಿ.”

ನಾನು ಓದಿದೆ. ತಾತನ ಹೆಸರು ಓದಿದೆ, ಮುತ್ತಾತನ ಹೆಸರು ಓದಿದೆ, ಹರಿಗೋಲ್‌ವಾಲೆ ಎಂದು ಓದಿದೆ, ಮೊಹರಿನ ಮೇಲಿದ್ದುದನ್ನೂ ಓದಿದೆ. ಆಮೇಲೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಹೊಲದ ಕಾಗದದ ತಾತನೂ ಈ ಕಾಗದದ ತಾತನೂ ಒಬ್ಬನೇ ಎಂದು, ತಂದೆಯ ಹೆಸರು, ಊರು ಎರಡರಲ್ಲೂ ಒಂದೇ ಇರುವುದನ್ನು ಬೆರಳಿಟ್ಟು ತೋರಿಸಿದೆ. ಮುನ್ಷಿ ಸಾಹೇಬರು ಒಂದು ಅಕ್ಷರವನ್ನೂ ತಿದ್ದಲಿಲ್ಲ.

ತಹಶೀಲ್ದಾರರು ಅಪ್ಪನನ್ನು ಕೇಳಿದರು. “ನೀವೇನಾದರೂ ಹೇಳುವುದಿದೆಯೇ?”

ಅಪ್ಪ ಮುಂದೆ ಬಂದು ನಿಂತ. ಆಮೇಲೆ ಅವನು ಹೊಳೆಯ ಆ ದಡಕ್ಕೆ ಕೂಗು ಹಾಕುವಾಗಿನ ದನಿಯಲ್ಲಿ ಹೇಳಿದ.

“ನಮ್ಮಪ್ಪಗ ಮಾತ ಬರ್ತಿದ್ವರಿ. ಅವತ್ತ ಅವನ ಹರಿಗೋಲದಾಗ ಮಂದಿ ಜೀವ ಇದ್ದವು, ಅದಕ ಮಾತಾಡ್ಲಿಲ್ಲ. ಅಷ್ಟ ಬರಕೋರಿ.”

ಅಷ್ಟನ್ನೂ ಬರೆದುಕೊಂಡರು. ತಕರಾರು ವಜಾ ಆಯಿತು. ನಮ್ಮ ಅಡ್ಡಹೆಸರು ಇನ್ನು ಮುಂದೆ ‘ಹರಿಗೋಲ’ ಎಂದೂ, ಹೊಲದ ಪಹಣಿಯಲ್ಲಿ ಹಾಗೇ ತಿದ್ದಬೇಕೆಂದೂ ಹುಕುಂ ಆಯಿತು. ಹೊರಗೆ ಬಂದ ಕೂಡಲೇ ಅವ್ವ ಬೇವಿನ ಗಿಡದ ಕೆಳಗೆ ಗಂಟು ಬಿಚ್ಚಿ ಎಲ್ಲರಿಗೂ ರೊಟ್ಟಿ ಹಂಚಿದಳು. ಗೌಡರೂ ಅದೇ ದಾರಿಯಲ್ಲಿ ಹೊರಟಿದ್ದರು. ಅವ್ವ ಅವರಿಗೂ ಒಂದು ರೊಟ್ಟಿ ಚಾಚಿದಳು. “ತಗೋರಿ, ಊರ ಮುಟ್ಟೋ ಹೊತ್ತಿಗೆ ಹಸಿವಾಗ್ತದ.” ಅವರು ತೆಗೆದುಕೊಂಡರೋ ಬಿಟ್ಟರೋ ನಾನು ನೋಡಲಿಲ್ಲ. ಅತ್ತೆ ಆಗ ಅಪ್ಪನ ರುಮಾಲು ಸರಿಮಾಡುತ್ತಾ ಅವನ ಬೆನ್ನಿಗೆ ಗುದ್ದುತ್ತಿದ್ದಳು. “ಹುಚ್ಚಪ್ಪಾ, ಮೊದಲ ಕೇಳಾಕ ಏನಾಗಿತ್ತು ನಿನಗ?”

ಆ ಬೇಸಿಗೆಯೆಲ್ಲ ನನಗೆ ಕೈತುಂಬ ಕೆಲಸ. ಸುದ್ದಿ ಹರಿಗೋಲದ ಜೊತೆಗೇ ಎರಡೂ ದಡ ಮುಟ್ಟಿತ್ತು. ಹಳೆಯ ದಫ್ತರದಲ್ಲಿ ಯಾರೋ ನಗುತ್ತ ಬರೆದುಬಿಟ್ಟ ಹೆಸರು ನಮಗೊಬ್ಬರಿಗೇ ಇರಲಿಲ್ಲ. ಒಬ್ಬ ಗಟ್ಟಿಮುಟ್ಟಾದ ರೈತನ ಮನೆತನ ‘ಲಂಗಡೆ’, ಅಂದರೆ ಕುಂಟರು, ಎಂದಿತ್ತು, ಅವನ ಮುತ್ತಾತ ಒಂದು ದಿನ ಕಾಲಿಗೆ ಮುಳ್ಳು ಚುಚ್ಚಿಕೊಂಡು ಚಾವಡಿಗೆ ಹೋಗಿದ್ದಕ್ಕೆ. ಶಿರವಾಳದ ಕಡೆಯ ಒಬ್ಬ ಹೆಣ್ಣುಮಗಳು ಗಂಡನ ಹೆಸರಿನಲ್ಲೇ ಎರಡು ಅಕ್ಷರ ತಪ್ಪಿದ ಕಾಗದ ಹಿಡಿದು ಬಂದಳು. ನಾನು ಮುನ್ಷಿ ಸಾಹೇಬರ ಪಕ್ಕದಲ್ಲಿ ಚಾಪೆ ಹಾಕಿ ಕೂತೆ. ಹಳೆಯದನ್ನು ಅವರು ಓದುತ್ತಿದ್ದರು, ಹೊಸದನ್ನು ನಾನು ಬರೆಯುತ್ತಿದ್ದೆ. ಅವರ ಮುಂದೆ ಮತ್ತೆ ಜನ ಸೇರತೊಡಗಿದರು.

ಮುಂದಿನ ವರ್ಷ ನಾನು ಹೊಸ ಹೆಸರಿನಲ್ಲಿ ಅರ್ಜಿ ಹಾಕಿದೆ. ಈ ಸಲ ಯಾವ ಟಿಪ್ಪಣಿಯೂ ಬರಲಿಲ್ಲ, ಬರಬೇಕೆಂಬ ಕರೆ ಬಂತು. ತರಬೇತಿ ಮುಗಿಸಿ ಸಗರದ ಶಾಲೆಯಲ್ಲಿ ಮೊದಲ ನೌಕರಿ ಹಿಡಿದೆ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಹುಣಸಗಿಯ ಒಬ್ಬ ಮಾಸ್ತರರ ಜೊತೆ ನನ್ನ ಮದುವೆ ಗೊತ್ತಾಯಿತು. ಮಾತುಕತೆಗೆಂದು ಅವರ ಕಡೆಯವರು ನಮ್ಮ ಮನೆಗೆ ಬಂದಿದ್ದರು. ಎಲ್ಲ ಮುಗಿದ ಮೇಲೆ ಅತ್ತೆಯಾಗುವವರು ಹೇಳಿದರು, “ಲಗ್ನ ಆದ ಮ್ಯಾಲ ನೌಕರಿ ಕಾಗದದಾಗ ನಮ್ಮ ಅಡ್ಡಹೆಸರ ಬರಸ್ಬೇಕಾಗ್ತದ, ಅಲ್ರೀ?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ. “ಆಗಂಗಿಲ್ರಿ ಬೀಗತಿ. ಆ ಹೆಸರು ಆಕಿ ಗೆದ್ದು ತಂದಾಳ. ಆಕಿ ಇಟ್ಕೋತಾಳ.”

ಹುಡುಗ, ಎಂದರೆ ಮುಂದೆ ನನ್ನ ಗಂಡನಾದವರು, ಮೂಲೆಯಲ್ಲಿ ಕೂತಿದ್ದರು. “ಇರ್ಲಿ ಬಿಡವ್ವ. ಸಾಲ್ಯಾಗ ಇಬ್ರಿಗೂ ಒಂದ ಹೆಸರಿದ್ರ ಮಕ್ಳು ಯಾರನ್ನ ಕರದಾರ ಅಂತ ತಿಳಿಯಂಗಿಲ್ಲ,” ಅಂದರು.

ಬೀಗತಿ ನಕ್ಕರು. ಆದರೂ ಗೆದ್ದು ತಂದದ್ದು ಅಂದರೆ ಏನು, ಹೇಗೆ ಎಂದು ಅವರಿಗೆ ತಿಳಿಯಬೇಕಿತ್ತು. ಸುರಪುರದಿಂದ ಬಂದಿದ್ದ ಅತ್ತೆ ಅದಕ್ಕೇ ಕಾದಿದ್ದವಳ ಹಾಗೆ ಸೆರಗು ಸಿಕ್ಕಿಸಿಕೊಂಡು ನಡುವೆ ಬಂದು ಕೂತಳು. ಎರಡನೆಯ ಸಲ ಹೇಳಲು ಅವಳಿಗೆ ಅವತ್ತು ಪುರುಸೊತ್ತು ಬೇಕಾದಷ್ಟಿತ್ತು. ಅವಳು ಹೇಳುತ್ತಾ ಹೋದ ಹಾಗೆ ಹೊಳೆ ಶಹಾಪುರದ ಕಚೇರಿಯಲ್ಲಿದ್ದುದಕ್ಕಿಂತ ಬಹಳ ಅಗಲವಾಯಿತು, ಹರಿಗೋಲದಲ್ಲಿದ್ದ ಆರು ಮಂದಿ ಹನ್ನೆರಡಾದರು, ತೇಲಿ ಬಂದ ಮರಕ್ಕೆ ಟೊಂಗೆಗಳು ಹುಟ್ಟಿದವು. ಅಪ್ಪ ಒಂದನ್ನೂ ತಿದ್ದಲಿಲ್ಲ. ಅವಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಪ್ರತಿ ಮಾತಿಗೂ ಹೂಂ ಎನ್ನುತ್ತಾ, ಕೊನೆಯವರೆಗೂ ಕೇಳಿದ.